ಮೊದಲು ಇಪ್ಪತ್ನಾಲ್ಕು ಹೆಸರು ಬರೆಯಿರಿ

ಸಲಗರ ಬುದ್ರುಕದ ತಮ್ಮಂದಿರಿಗೆ, ತಂಗಿಯರಿಗೆ, ಬಚತ್ ಗಟದ (ಸ್ವಸಹಾಯ ಸಂಘದ) ಅಕ್ಕ-ಅವ್ವಂದಿರಿಗೆ, ಮತ್ತು ಸೋಲಾಪುರ-ಅಕ್ಕಲಕೋಟೆ ಸೀಮೆಯ ನಮ್ಮ ಕನ್ನಡದ ಹಳ್ಳಿಗಳಲ್ಲಿ ‘ವಿಮಾ ಏಜೆನ್ಸಿ ತಗೊಂಡ್ರ ಹೆಂಗ?’ ಎಂದು ಯೋಚಿಸುತ್ತಿರುವ ಎಲ್ಲರಿಗೂ ಶರಣು.

ಯುಗಾದಿಯಿಂದ ಈಚೆಗೆ ಒಂಬತ್ತು ಮಂದಿ ನನ್ನನ್ನು ಇದೇ ಮಾತು ಕೇಳಿದ್ದೀರಿ. ಎಸ್‌ಟಿ ಸ್ಟ್ಯಾಂಡಿನಲ್ಲಿ ಇಬ್ಬರು, ಗಿರಣಿಯಲ್ಲಿ ಜೋಳ ಬೀಸಿಸಲು ನಿಂತಾಗ ಒಬ್ಬಾಕೆ, ಮದುವೆ ಪಂಗತಿಯಲ್ಲಿ ಪಕ್ಕದ ಎಲೆಗೆ ಕೂತವನೊಬ್ಬ. ಡಿ.ಎಡ್. ಮುಗಿಸಿ ಶಿಕ್ಷಕ ಭರ್ತಿಯ ದಾರಿ ಕಾಯುವವರು, ಪುಣೆಯ ಕಂಪನಿ ಕೆಲಸ ಬಿಟ್ಟು ಮರಳಿದವರು, ಮಕ್ಕಳನ್ನು ಶಾಲೆಗೆ ಕಳಿಸಿ ಮಧ್ಯಾಹ್ನ ಕೈ ಬಿಡುವಾಗುವವರು. ಎಲ್ಲರಿಗೂ ನಾನು ‘ಛಲೋ ಅದ, ಮಾಡ್ರಿ’ ಎಂದು ಹೇಳಿ ಸಾಗಹಾಕಿದೆ. ನಿಂತ ಕಾಲಲ್ಲಿ ಕೊಟ್ಟ ಉತ್ತರ ಅದು. ಕೂತು ಕೊಡಬೇಕಾದ ಉತ್ತರ ಬೇರೆಯೇ ಇದೆ.

ನಾನು 2003ರಿಂದ ಇಪ್ಪತ್ತೊಂದು ವರ್ಷ ಈ ಚೀಲ ಹೊತ್ತವನು. ಯಾವ ಕಂಪನಿಯ ಚೀಲ ಎಂಬುದು ಊರಿನ ಹಿರಿಯರಿಗೆ ಗೊತ್ತು, ಕಾಗದದಲ್ಲಿ ಬೇಡ. ಇಲ್ಲಿ ಹೇಳುವ ತಪ್ಪುಗಳಲ್ಲಿ ಬಹುಪಾಲು ನನ್ನವೇ ಆದ್ದರಿಂದ ಕಂಪನಿಯ ಹೆಸರಿನ ಅಗತ್ಯವೂ ಇಲ್ಲ.

ಮೊದಲು ಒಂದು ಗೊಂದಲ ತೆಗೆದುಬಿಡೋಣ. ನಿಮ್ಮಲ್ಲಿ ನಾಲ್ಕೈದು ಮಂದಿ ‘ವಿಮಾದಾಗ ನೌಕರಿ’ ಎಂಬ ಶಬ್ದ ಬಳಸಿದಿರಿ. ಇದು ನೌಕರಿಯಲ್ಲ. ಪಗಾರ ಇಲ್ಲ, ಪಿಎಫ್ ಇಲ್ಲ, ರಜೆ ಇಲ್ಲ. ಚಹಾ, ಪೆಟ್ರೋಲು, ಝೆರಾಕ್ಸು ಎಲ್ಲ ನಿಮ್ಮ ಜೇಬಿನಿಂದ. ಹತ್ತನೇ ಪಾಸಾಗಿರಬೇಕು, 25 ತಾಸಿನ ತರಬೇತಿ ಮುಗಿಸಬೇಕು, ಐವತ್ತು ಪ್ರಶ್ನೆಗಳ ಒಂದು ಪರೀಕ್ಷೆಯಲ್ಲಿ ಶೇಕಡಾ 35 ಅಂಕ ತೆಗೆಯಬೇಕು. ಅಲ್ಲಿಗೆ ನೀವು ಏಜೆಂಟರು. ಪರೀಕ್ಷೆಯ ಅಂಜಿಕೆ ಬೇಡ. ಅದು ಕಠಿಣವಾಗಿದ್ದರೆ ಎಲ್‌ಐಸಿ ಒಂದಕ್ಕೇ ದೇಶದಲ್ಲಿ 13 ಲಕ್ಷಕ್ಕೂ ಹೆಚ್ಚು ಏಜೆಂಟರು ಇರುತ್ತಿರಲಿಲ್ಲ. ಒಳಗೆ ಬರುವ ಬಾಗಿಲು ಇಷ್ಟು ಅಗಲ ಇದ್ದರೆ ಹಿಂದಿನ ಬಾಗಿಲಿಂದ ಎಷ್ಟು ಮಂದಿ ಹೊರಗೆ ಹೋಗುತ್ತಿದ್ದಾರೆ ಎಂದು ಒಮ್ಮೆ ನೋಡಬೇಕು. ನನ್ನ ಜೊತೆ ಸೋಲಾಪುರದಲ್ಲಿ ತರಬೇತಿಗೆ ಕೂತವರಲ್ಲಿ ಐದನೇ ವರ್ಷಕ್ಕೆ ಚೀಲ ಹಿಡಿದು ಉಳಿದದ್ದು ನಾನೂ ಸೇರಿ ಮೂವರು.

ಎರಡನೆಯದು, ಒಂದೇ ಗಾಣಕ್ಕೆ ಕಟ್ಟಿದ ಎತ್ತು ನೀವು. ಕಾಯ್ದೆಯ ಪ್ರಕಾರ ಏಜೆಂಟನೊಬ್ಬ ಒಂದೇ ಜೀವವಿಮಾ ಕಂಪನಿಯ ಪಾಲಿಸಿ ಮಾರಬಹುದು. ಆರೋಗ್ಯ ವಿಮೆಗೆ ಇನ್ನೊಂದು, ವಾಹನ-ಬೆಳೆ-ಮನೆಯಂಥ ಸಾಮಾನ್ಯ ವಿಮೆಗೆ ಮತ್ತೊಂದು ಕಂಪನಿ ಹಿಡಿಯಲು ಅವಕಾಶವಿದೆ; ಆದರೆ ಜೀವವಿಮೆಗೆ ಒಂದೇ. ಎದುರು ಕೂತವನಿಗೆ ಬೇರೆ ಕಂಪನಿಯ ಟರ್ಮ್ ಪಾಲಿಸಿ (ಸತ್ತರೆ ಮಾತ್ರ ಹಣ ಬರುವಂಥದು) ಅಗ್ಗ, ಅವನಿಗೆ ಅದೇ ಸರಿ ಎಂದು ನಿಮಗೆ ಗೊತ್ತಿರುತ್ತದೆ. ಗೊತ್ತಿದ್ದೂ ನಿಮ್ಮ ಚೀಲದಲ್ಲಿರುವುದನ್ನೇ ತೆಗೆಯಬೇಕು. ಕಿರಾಣಿ ಅಂಗಡಿಯವನಿಗೆ ಈ ಸಂಕಟವಿಲ್ಲ, ಅವನು ನಾಲ್ಕು ಕಂಪನಿಯ ಸಾಬೂನು ಇಡುತ್ತಾನೆ.

ಈಗ ಹೆಸರಿನ ಹಾಳೆಯ ಮಾತಿಗೆ ಬರುತ್ತೇನೆ, ಈ ಪತ್ರ ಬರೆಯಲು ಕೂತದ್ದೇ ಅದಕ್ಕಾಗಿ.

ತರಬೇತಿ ಮುಗಿದ ದಿನ ಡಿಓ (ಡೆವಲಪ್‌ಮೆಂಟ್ ಆಫೀಸರ್) ಸಾಹೇಬರು ಕೈಗೊಂದು ಬಿಳಿ ಹಾಳೆ ಕೊಟ್ಟು ‘ಪರಿಚಯದವರ ನೂರು ಹೆಸರು ಬರಿ’ ಎಂದರು. ನಿಮಗೂ ಕೊಡುತ್ತಾರೆ. ನಾನು ಬರೆದ ಮೊದಲ ಹೆಸರು ನಮ್ಮ ಸೋದರಮಾವನದು. ಆಮೇಲೆ ಅಕ್ಕನ ಗಂಡ, ಹೆಂಡತಿಯ ತವರಿನವರು, ನನಗೆ ಕಲಿಸಿದ ಜಿಲ್ಲಾ ಪರಿಷದ್ ಕನ್ನಡ ಶಾಲೆಯ ಗುರುಗಳು. ಮೂವತ್ತರವರೆಗೆ ಪೆನ್ನು ಓಡಿತು, ನಲವತ್ತಕ್ಕೆ ನಿಂತಿತು. ಆ ನಲವತ್ತು ಜನರೇ ನನ್ನ ಮೊದಲ ಎರಡು ವರ್ಷ. ಅವರಲ್ಲಿ ಯಾರೂ ವಿಮೆ ಬೇಕೆಂದು ತೆಗೆಸಲಿಲ್ಲ. ‘ನಮ್ಮ ಹುಡುಗ ಏನೋ ಹೊಸದಾಗಿ ಹಿಡದಾನ, ಇಲ್ಲ ಅನ್ನೂದು ಹೆಂಗ’ ಎಂದು ತೆಗೆಸಿದರು.

2007ರಲ್ಲಿ ಮಾವ ಉಳ್ಳಾಗಡ್ಡಿ ಮಾರಿ ಬಂದಿದ್ದರು. ಆಗ ಹಪ್ತಾದ ಹಣವನ್ನು ಶೇರುಪೇಟೆಗೆ ಹಾಕುವ ಯುಲಿಪ್ ಪಾಲಿಸಿಗಳ ಕಾಲ. ‘ವರ್ಷಾ ಇಪ್ಪತ್ತು ಸಾವಿರ, ಮೂರೇ ವರ್ಷ ತುಂಬ್ರಿ, ಆಮ್ಯಾಲ ತುಂಬೂದು ಬ್ಯಾಡ, ಡಬ್ಬಲ್ ಆಗ್ತದ’ ಎಂದು ನನಗೆ ಕಲಿಸಿದ್ದರು, ನಾನು ಮಾವನಿಗೆ ಕಲಿಸಿದೆ. ಮೊದಲ ವರ್ಷದ ಹಣದಲ್ಲಿ ದೊಡ್ಡ ಪಾಲು ಖರ್ಚಿನ ಹೆಸರಲ್ಲಿ ಮುರಿದುಹೋಗುತ್ತದೆ ಎಂದು ಬಾಂಡಿನೊಳಗೆ ಇಂಗ್ಲಿಷಿನಲ್ಲಿ ಇತ್ತು. ಮಾವನಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ನನಗೆ ಬರುತ್ತಿತ್ತು, ನಾನು ಓದಿರಲಿಲ್ಲ. 2008ರ ಜನವರಿಯಲ್ಲಿ 21 ಸಾವಿರದ ಹತ್ತಿರವಿದ್ದ ಸೆನ್ಸೆಕ್ಸ್ ಅದೇ ಅಕ್ಟೋಬರಿಗೆ 9 ಸಾವಿರದ ಕೆಳಗೆ ಬಂತು. ಮಾವನಿಗೆ ಸೆನ್ಸೆಕ್ಸ್ ಅಂದರೆ ಏನೆಂದು ತಿಳಿಸಿ ಹೇಳಿದ್ದು ಆವಾಗ, ದುಡ್ಡು ಕರಗಿದ ಮೇಲೆ. ಅವರು ಬೈಯಲಿಲ್ಲ. ಬರೀ ಎರಡನೇ ಹಪ್ತಾ ಕಟ್ಟಲಿಲ್ಲ. ಆಮೇಲೆ ಯಾವ ಕಾರ್ಯದಲ್ಲಿ ಸಿಕ್ಕರೂ ‘ಬರ್ರಿ ವಿಮಾ ಸಾಹೇಬ್ರ’ ಎಂದು ಬಹುವಚನದಲ್ಲಿ ಕರೆದು ಪಕ್ಕಕ್ಕೆ ಕೂರಿಸಿಕೊಳ್ಳುತ್ತಿದ್ದರು. ಸಣ್ಣವನಿದ್ದಾಗಿನಿಂದ ನನ್ನನ್ನು ‘ಲೇ’ ಎಂದು ಕರೆಯುತ್ತಿದ್ದ ಮಾವ ಅದು. ಆ ‘ಲೇ’ ಮತ್ತೆ ಬರಲಿಲ್ಲ.

2010ರ ಸೆಪ್ಟೆಂಬರಿನಲ್ಲಿ ವಿಮಾ ನಿಯಂತ್ರಣ ಪ್ರಾಧಿಕಾರ ಯುಲಿಪ್ ನಿಯಮ ಬಿಗಿಮಾಡಿತು, ಖರ್ಚಿಗೆ ಮಿತಿ ಹಾಕಿತು. ಮಾವನಿಗೆ ಅದರಿಂದ ಏನೂ ಸಿಗಲಿಲ್ಲ.

ಕಮಿಷನ್ನಿನ ಲೆಕ್ಕ ಕೇಳಿ, ಏಕೆಂದರೆ ಅದನ್ನು ಯಾರೂ ನೆಟ್ಟಗೆ ಹೇಳುವುದಿಲ್ಲ. ನನ್ನ ಕಾಲದ ರೂಢಿ ಹೀಗಿತ್ತು: ದೀರ್ಘಾವಧಿಯ ಎಂಡೋಮೆಂಟ್ (ಉಳಿತಾಯವೂ ಸೇರಿದ) ಪಾಲಿಸಿಯಲ್ಲಿ ಮೊದಲ ವರ್ಷ ಬೋನಸ್ ಕಮಿಷನ್ ಸೇರಿ ನೂರಕ್ಕೆ 35, ಎರಡು-ಮೂರನೇ ವರ್ಷ ಏಳೂವರೆ, ನಾಲ್ಕರಿಂದ ಮುಂದೆ ಐದು. ವರ್ಷಕ್ಕೆ 12,000 ರೂಪಾಯಿ ಹಪ್ತಾ ಇರುವ ಇಪ್ಪತ್ತು ವರ್ಷದ ಪಾಲಿಸಿ ಎಂದು ಹಿಡಿಯಿರಿ. ಏಜೆಂಟನಿಗೆ ಮೊದಲ ವರ್ಷ 4,200, ಮುಂದಿನ ಎರಡು ವರ್ಷ 900ರಂತೆ, ಆಮೇಲೆ ಹದಿನೇಳು ವರ್ಷ 600ರಂತೆ. ಕೂಡಿಸಿದರೆ 16,200. ಅದರಲ್ಲಿ ನಾಲ್ಕನೇ ಒಂದು ಪಾಲಿಗಿಂತ ಹೆಚ್ಚು ಮೊದಲ ದಿನವೇ ಕೈಗೆ ಬಂದಿರುತ್ತದೆ. ಪಾಲಿಸಿ ಎರಡನೇ ವರ್ಷಕ್ಕೆ ಬಂದಾದರೆ ಏಜೆಂಟನ 4,200 ಏಜೆಂಟನಲ್ಲೇ ಉಳಿಯುತ್ತಿತ್ತು. ತುಂಬಿದವನ 12,000 ಹೋಗುತ್ತಿತ್ತು. ಮೊದಲೆಲ್ಲ ಮೂರು ವರ್ಷ, ಆಮೇಲೆ ಎರಡು ವರ್ಷ ಹಪ್ತಾ ತುಂಬದೆ ಪಾಲಿಸಿ ಮುರಿಸಿದರೆ (ಸರಂಡರ್) ಒಂದು ಪೈಸೆ ಬರುತ್ತಿರಲಿಲ್ಲ. 2024ರ ಅಕ್ಟೋಬರ್ 1ರಿಂದ ಬಂದ ಹೊಸ ನಿಯಮದಲ್ಲಿ ಒಂದು ಪೂರ್ತಿ ವರ್ಷ ತುಂಬಿದವನಿಗೂ ಏನಾದರೂ ಹಿಂದಿರುಗಿಸಬೇಕು. ಒಳ್ಳೆಯದೇ ಆಯಿತು. ಅದರ ಬೆನ್ನಿಗೇ ಎಲ್‌ಐಸಿ ಮೊದಲ ವರ್ಷದ ಕಮಿಷನ್ನನ್ನು 35ರಿಂದ 28ಕ್ಕೆ ಇಳಿಸಿತು. ಏಜೆಂಟರು ಗಲಾಟೆ ಮಾಡಿದರು; ನಾನು ಮಾಡಲಿಲ್ಲ. ಮುಂಗಡವಾಗಿ ಬರುವ ಆ ದೊಡ್ಡ ತುತ್ತೇ ನಮ್ಮನ್ನು ಕೆಡಿಸಿದ್ದು ಎಂಬುದು ನನ್ನ ಅಭಿಪ್ರಾಯ.

ಇದೇ ಕಾರಣಕ್ಕೆ, ಬಡವನಿಗೆ ಬೇಕಾದ ಟರ್ಮ್ ಪಾಲಿಸಿಯನ್ನು ಏಜೆಂಟರು ಬಾಯಿಬಿಟ್ಟು ಹೇಳುವುದು ಕಡಿಮೆ. ಅದರ ಹಪ್ತಾ ಸಣ್ಣದು, ಕಮಿಷನ್ನೂ ಸಣ್ಣದು, ‘ಬದುಕಿದ್ರ ಏನು ಬರ್ತದ?’ ಎಂಬ ಪ್ರಶ್ನೆ ಮಾತ್ರ ದೊಡ್ಡದು.

ಬಚತ್ ಗಟದ ಅವ್ವಂದಿರೇ, ನಿಮ್ಮ ಕೈಯಲ್ಲಿದ್ದ ಕಾಗದ ನೋಡಿದೆ. ಬಿಮಾ ಸಖಿ. 2024ರ ಡಿಸೆಂಬರ್ 9ರಂದು ಪಾಣಿಪತ್‌ನಲ್ಲಿ ಪ್ರಧಾನಿ ಉದ್ಘಾಟಿಸಿದ ಎಲ್‌ಐಸಿಯ ಯೋಜನೆ ಅದು. 18ರಿಂದ 70 ವಯಸ್ಸಿನ, ಹತ್ತನೇ ಪಾಸಾದ ಹೆಣ್ಣುಮಕ್ಕಳಿಗೆ ಮೊದಲ ವರ್ಷ ತಿಂಗಳಿಗೆ 7,000, ಎರಡನೇ ವರ್ಷ 6,000, ಮೂರನೇ ವರ್ಷ 5,000 ರೂಪಾಯಿ. ಕಮಿಷನ್ ಬೇರೆ. ಸುಳ್ಳಲ್ಲ, ಎಲ್ಲ ಖರೆ. ಆದರೆ ಅದನ್ನು ಪಗಾರ ಎಂದು ಓದಬೇಡಿ. ವರ್ಷಕ್ಕೆ 24 ಪಾಲಿಸಿ ಆಗಬೇಕು, ಬೋನಸ್ ಬಿಟ್ಟು ಮೊದಲ ವರ್ಷದ ಕಮಿಷನ್ 48,000 ಮುಟ್ಟಬೇಕು. ಅಂದರೆ ಇಪ್ಪತ್ನಾಲ್ಕು ಮನೆಗಳಿಂದ ಒಂದೊಂದಕ್ಕೆ ಎಂಟು-ಹತ್ತು ಸಾವಿರದ ಹಪ್ತಾ. ಎರಡನೇ ವರ್ಷ ಹಣ ಮುಂದುವರಿಯಬೇಕಾದರೆ ಮೊದಲ ವರ್ಷ ಮಾಡಿದ ಪಾಲಿಸಿಗಳಲ್ಲಿ ನೂರಕ್ಕೆ 65 ಜೀವಂತ ಇರಬೇಕು. ಇಪ್ಪತ್ನಾಲ್ಕರಲ್ಲಿ ಹದಿನಾರು ಎಂದು ನೆನಪಿಡಿ. ಮನೆಯಲ್ಲಿ ಆಗಲೇ ಏಜೆಂಟರೋ ಎಲ್‌ಐಸಿ ನೌಕರರೋ ಇದ್ದರೆ ಅವರ ಹತ್ತಿರದ ಸಂಬಂಧಿಕರಿಗೆ ಇದರಲ್ಲಿ ಜಾಗವಿಲ್ಲ.

ಈ 65ರ ಷರತ್ತು ನನಗೆ ಇಡೀ ಯೋಜನೆಯಲ್ಲಿ ಹಿಡಿಸಿದ ಮಾತು. ಮಾರಿ ಓಡಿಹೋಗುವವರನ್ನು ಅದು ಹಿಡಿದು ನಿಲ್ಲಿಸುತ್ತದೆ. ಆದರೆ ನಮ್ಮ ಊರಿನ ಲೆಕ್ಕ ಹಾಕಿ. ಒಂದೇ ಗಟದಿಂದ ಮೂವರು ಸಖಿಯರಾದರೆ ಮೂರು ವರ್ಷದಲ್ಲಿ ಇನ್ನೂರಹದಿನಾರು ಪಾಲಿಸಿ ಇದೇ ಓಣಿಗಳಿಂದ ಹೊರಡಬೇಕು. ಗಟದ ಸಾಲ, ಚಿನ್ನದ ಸಾಲ, ಮೈಕ್ರೋಫೈನಾನ್ಸಿನ ವಾರದ ಕಂತು ಆಗಲೇ ಇರುವ ಮನೆಗಳು ಇವು.

ಸೋಲಾಪುರದ ಪೇಟೆಯ ಏಜೆಂಟನಿಗೂ ನಮಗೂ ಇರುವ ಅಂತರ ಇಲ್ಲೇ. ಅವನ ಗಿರಾಕಿಗೆ ತಿಂಗಳಿಗೊಮ್ಮೆ ಪಗಾರ. ನಮ್ಮ ಗಿರಾಕಿಗೆ ಮಳೆಗೊಮ್ಮೆ. ಸಂಕ್ರಾಂತಿಯ ಹೊತ್ತಿಗೆ ತೊಗರಿ, ಶಿವರಾತ್ರಿ-ಹೋಳಿಯ ನಡುವೆ ಮಾಲದಂಡಿ ಜೋಳ, ಕಬ್ಬಿದ್ದವನಿಗೆ ಕಾರಖಾನೆಯ ಬಿಲ್ಲು ಬಂದಾಗ. ಪಾಲಿಸಿ ಮಾತ್ರ ಕ್ಯಾಲೆಂಡರ್ ನೋಡುತ್ತದೆ. ವರ್ಷದ, ಆರು ತಿಂಗಳ ಹಪ್ತಾಕ್ಕೆ 30 ದಿನ, ತಿಂಗಳ ಹಪ್ತಾಕ್ಕೆ 15 ದಿನ ಸವಲತ್ತು ಕೊಡುತ್ತದೆ, ಆಮೇಲೆ ಪಾಲಿಸಿ ಬಂದ್. ಮಾರ್ಚ್ ಕೊನೆಯಲ್ಲಿ ಟಾರ್ಗೆಟ್ ತುಂಬಿಸಲು ನಾನು ಅವಸರದಲ್ಲಿ ಮಾಡಿಸಿದ ಪಾಲಿಸಿಗಳು ಸೆಪ್ಟೆಂಬರಿಗೆ ಹಪ್ತಾ ಕೇಳಿದವು. ಸೆಪ್ಟೆಂಬರಿನಲ್ಲಿ ಒಣಬೇಸಾಯದವನ ಕೈಯಲ್ಲಿ ಏನಿರುತ್ತದೆ? ಬಿತ್ತನೆಯ ಸಾಲ ಇರುತ್ತದೆ. ಈ ಬುದ್ಧಿ ಬರಲು ನನಗೆ ಆರು ವರ್ಷ ಬೇಕಾಯಿತು. ಆಮೇಲೆ ಡಿಓ ಸಾಹೇಬರು ಏನೇ ಅಂದರೂ ಸುಗ್ಗಿ ಬಿಟ್ಟು ಬೇರೆ ಕಾಲದಲ್ಲಿ ರೈತನ ಪಾಲಿಸಿ ಬರೆಯಲಿಲ್ಲ, ವರ್ಷದ ಹಪ್ತಾ ಬಿಟ್ಟು ಬೇರೆ ಹಾಕಲಿಲ್ಲ.

ರಿಬೇಟಿನ ಕತೆ ಬೇಗ ಮುಗಿಸುತ್ತೇನೆ. ‘ಮೊದಲ ಹಪ್ತಾ ನೀನ ತುಂಬು, ಕಮಿಷನ್ ಬರ್ತದಲ್ಲ’ ಎಂದು ಕೇಳುವವರು ಬಡವರಲ್ಲ, ಪಗಾರದವರು. 1938ರ ವಿಮಾ ಕಾಯ್ದೆಯ 41ನೇ ಕಲಮಿನಲ್ಲಿ ಇದು ಅಪರಾಧ, ದಂಡ ಹತ್ತು ಲಕ್ಷದವರೆಗೆ. ಒಮ್ಮೆ ಕೊಟ್ಟರೆ ಓಣಿಯೆಲ್ಲ ಕೇಳುತ್ತದೆ. ನಾನು ಎರಡು ಸಲ ಕೊಟ್ಟೆ, ಎರಡೂ ಪಾಲಿಸಿ ಮರುವರ್ಷ ಬಂದಾದವು. ತನ್ನ ದುಡ್ಡು ಹಾಕದವನಿಗೆ ಪಾಲಿಸಿಯ ಮೇಲೆ ಮಮತೆ ಎಲ್ಲಿಂದ ಬರಬೇಕು?

ಇಷ್ಟೆಲ್ಲ ಹೇಳಿ ‘ಬೇಡ’ ಎನ್ನುತ್ತಾನೆ ಎಂದುಕೊಂಡಿರೋ ಏನೋ. ತಡೆಯಿರಿ. ಈ ಕೆಲಸದಲ್ಲಿ ಬೇರೆ ಊರಿನವರು ಮಾಡಲಾಗದ, ನೀವು ಮಾತ್ರ ಮಾಡಬಹುದಾದ ಒಂದು ಭಾಗ ಇದೆ.

ಪ್ರಸ್ತಾವದ ಫಾರ್ಮು ಇಂಗ್ಲಿಷಿನಲ್ಲೋ ಮರಾಠಿಯಲ್ಲೋ ಇರುತ್ತದೆ. ನಮ್ಮ ಹಿರಿಯರಿಗೆ ಮನೆಮಾತು ಕನ್ನಡ, ಸಂತೆಯ ಮಾತು ಮರಾಠಿ, ಸಹಿ ಕನ್ನಡದಲ್ಲಿ ಇಲ್ಲವೇ ಹೆಬ್ಬೆಟ್ಟು. ಫಾರ್ಮಿನ ಭಾಷೆ ಬೇರೆ, ಸಹಿಯ ಭಾಷೆ ಬೇರೆಯಾದಾಗ ‘ಇದರಲ್ಲಿರುವುದನ್ನೆಲ್ಲ ಇವರಿಗೆ ತಿಳಿಸಿ ಹೇಳಿದ್ದೇನೆ’ ಎಂದು ಕೆಳಗೆ ಒಬ್ಬರು ಬರೆದು ಸಹಿ ಮಾಡಬೇಕು. ಆ ಒಂದು ಸಾಲನ್ನು ನಮ್ಮ ಸೀಮೆಯಲ್ಲಿ ಎಷ್ಟು ಮಂದಿ ತಿಳಿಸಿ ಹೇಳಿ ಬರೆದಿದ್ದಾರೆ? ಆರೋಗ್ಯದ ಪ್ರಶ್ನೆಗಳ ಮುಂದೆ ‘ಇಲ್ಲ, ಇಲ್ಲ, ಇಲ್ಲ’ ಎಂದು ಗೀಚಿಕೊಂಡು ಹೋಗುವುದು ಎರಡು ನಿಮಿಷದ ಕೆಲಸ. ತಂಬಾಕು ಇಲ್ಲ, ಶುಗರ್ ಇಲ್ಲ, ಟಿಬಿ ಇಲ್ಲ. ಪಾಲಿಸಿಯಾಗಿ ಮೂರು ವರ್ಷದೊಳಗೆ ಸಾವಾದರೆ ಕಂಪನಿ ಆ ಫಾರ್ಮನ್ನೇ ಮುಂದಿಟ್ಟು ತನಿಖೆ ಮಾಡುತ್ತದೆ. 45ನೇ ಕಲಮಿನಂತೆ ಮೂರು ವರ್ಷ ದಾಟಿದ ಮೇಲೆ ಮಾತ್ರ ಪಾಲಿಸಿಯನ್ನು ಪ್ರಶ್ನಿಸುವಂತಿಲ್ಲ.

2014ರಲ್ಲಿ ಕಬ್ಬು ಕಡಿಯುವ ಟೋಳಿಯ ಒಬ್ಬ ಗಂಡಸು ನನ್ನೆದುರು ಕೂತಿದ್ದ. ಟಿಬಿ ಆಗಿ ವಾಸಿಯಾಗಿತ್ತು. ‘ಅದನ್ನ ಬರಿಬ್ಯಾಡ್ರಿ ಸಾಹೇಬ್ರ’ ಎಂದ. ನಾನು ಬರೆದೆ. ಹೆಚ್ಚಿನ ಕಾಗದ ಕೇಳಿದರು, ಹಪ್ತಾ ಸ್ವಲ್ಪ ಏರಿತು, ಅವನು ಆರು ತಿಂಗಳು ನನ್ನ ಕೂಡ ಮಾತಾಡಲಿಲ್ಲ. ಎರಡನೇ ವರ್ಷ ಟ್ರ್ಯಾಕ್ಟರ್ ಟ್ರಾಲಿ ಮಗುಚಿ ಸತ್ತ. ಹೆಂಡತಿ ಬಾಂಡನ್ನು ಸಕ್ಕರೆಯ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಜೋಳದ ಕಣಜದೊಳಗೆ ಇಟ್ಟಿದ್ದಳು. ತೆಗೆದು ಕೊಟ್ಟಾಗ ಮಡಿಕೆಯಿಂದ ನಾಲ್ಕು ಕಾಳು ಉದುರಿದವು. ಬಾಂಡಿನಲ್ಲಿ ಆಕೆಯ ಹೆಸರು ನೀಲವ್ವ, ಆಧಾರಿನಲ್ಲಿ ನೀಲಾಬಾಯಿ, ಬ್ಯಾಂಕಿನ ಪಾಸ್‌ಬುಕ್ಕಿನಲ್ಲಿ ನಿಲಾವತಿ (ಹೆಸರು ಬದಲಿಸಿ ಬರೆದಿದ್ದೇನೆ, ನಮ್ಮಲ್ಲಿ ಇಂಥ ಮೂರು ಹೆಸರಿಲ್ಲದ ಹೆಣ್ಣುಮಗಳು ಯಾವ ಮನೆಯಲ್ಲಿದ್ದಾಳೆ!). ಮೂವರೂ ಒಬ್ಬಳೇ ಎಂದು ಕಾಗದದಲ್ಲಿ ತೋರಿಸಲು ಗ್ರಾಮಸೇವಕರ ಹತ್ತಿರ, ಪ್ರತಿಜ್ಞಾಪತ್ರಕ್ಕೆ, ಬ್ಯಾಂಕಿಗೆ, ಶಾಖೆಗೆ ಎಂದು ಆಕೆಯ ಕೂಡ ಒಟ್ಟು ಏಳು ಸಲ ಎಸ್‌ಟಿ ಹತ್ತಿದೆ. ಅದಕ್ಕೆ ಕಮಿಷನ್ ಇಲ್ಲ. ಹಣ ಬಂದ ದಿನ ಆಕೆ ನನ್ನ ಮನೆಗೆ ಒಂದು ಪಾಯಲಿ ಜೋಳ ಕಳಿಸಿದಳು. ನನ್ನ ಹೆಂಡತಿ ಅದನ್ನು ಬೇಡ ಎನ್ನಲಿಲ್ಲ, ಬೀಸಿಸಲೂ ಇಲ್ಲ. ಬಹಳ ದಿನ ಡಬ್ಬಿಯಲ್ಲಿ ಹಾಗೇ ಇತ್ತು.

ಅದಾದ ಮೇಲೆ ಆ ಓಣಿಯಲ್ಲಿ ನಾನು ಯಾರನ್ನೂ ಕೇಳಬೇಕಾಗಲಿಲ್ಲ. ಅವರೇ ಕರೆದರು.

ಫೋನಿನಲ್ಲೇ ಪಾಲಿಸಿ ಕೊಳ್ಳುವ ಕಾಲ ಬಂದಿದೆ, ಏಜೆಂಟ ಬೇಕೇ ಎಂದು ಪುಣೆಯಿಂದ ಬಂದ ತಮ್ಮ ಕೇಳಿದ. ನಿನಗೆ ಬೇಡಪ್ಪ. ನೀಲವ್ವನಿಗೆ ಬೇಕು. ಆದರೆ ನೀಲವ್ವನ ಮನೆಗೆ ಹೋದಾಗ ಮೊದಲು ಹೇಳಬೇಕಾದದ್ದು ನಿಮ್ಮ ಕಂಪನಿಯ ಪಾಲಿಸಿಯಲ್ಲ. ಬ್ಯಾಂಕಿನಲ್ಲಿ ವರ್ಷಕ್ಕೆ 436 ರೂಪಾಯಿಗೆ ಎರಡು ಲಕ್ಷದ ಜೀವನ ಜ್ಯೋತಿ ಇದೆ, 18ರಿಂದ 50 ವಯಸ್ಸಿನವರಿಗೆ. 20 ರೂಪಾಯಿಗೆ ಅಪಘಾತದ ಸುರಕ್ಷಾ ವಿಮೆ ಇದೆ. ಊರಿನ ಪೋಸ್ಟಿನಲ್ಲಿ 1995ರಿಂದ ಗ್ರಾಮೀಣ ಅಂಚೆ ಜೀವವಿಮೆ ಇದೆ. ಇವನ್ನು ಹೇಳಿದರೆ ನಿಮಗೆ ನಾಲ್ಕಾಣೆ ಸಿಗುವುದಿಲ್ಲ. ನಾನು ಮೊದಲ ಹತ್ತು ವರ್ಷ ಅಂಥ ಮಾತು ಹೇಳಲಿಲ್ಲ, ಕೊನೆಯ ಹತ್ತು ವರ್ಷ ಹೇಳಿದೆ. ಧಂದೆ ಕಡಿಮೆಯಾಗಲಿಲ್ಲ ಎಂದು ಬರೆದರೆ ಸುಳ್ಳಾದೀತು. ಕಡಿಮೆಯಾಯಿತು. ಬಂದಾಗುವ ಪಾಲಿಸಿಗಳೂ ಕಡಿಮೆಯಾದವು, ಹಾಗಾಗಿ ವರ್ಷವರ್ಷದ ರಿನ್ಯೂವಲ್ ಉಳಿಯಿತು. ಮನೆಯ ಸ್ಲ್ಯಾಬು ಹಾಕಿಸಿದ್ದು ಆ ಐದೈದು ಪರ್ಸೆಂಟಿನ ದುಡ್ಡಿನಿಂದ, ಹದಿನೈದನೇ ವರ್ಷಕ್ಕೆ. ಅಲ್ಲಿವರೆಗೆ ಹೊಟ್ಟೆ ಹೊರೆದದ್ದು ಮೂರೂವರೆ ಎಕರೆ ಹೊಲ.

ನನ್ನ ತೀರ್ಪು ಹೇಳಿಬಿಡುತ್ತೇನೆ. ಹೊಲವೋ ಅಂಗಡಿಯೋ ಹೊಲಿಗೆಯೋ ಒಂದು ಕೈಯಲ್ಲಿ ಇದ್ದರೆ ಇನ್ನೊಂದು ಕೈಗೆ ಇದು ಆದೀತು. ಇದೊಂದನ್ನೇ ನಂಬಿ ಪುಣೆಯ ಕೆಲಸ ಬಿಡುವುದು ಬೇಡ, ಶಿಕ್ಷಕ ಭರ್ತಿಯ ಓದು ನಿಲ್ಲಿಸುವುದೂ ಬೇಡ. ಮದುವೆಗೆ ಮುಂಚೆ ‘ಹುಡುಗ ವಿಮಾದಾಗ ಅದಾನ’ ಎಂದು ಹೇಳಿಸಿಕೊಳ್ಳಲಿಕ್ಕಂತೂ ಬೇಡವೇ ಬೇಡ. ಬಚತ್ ಗಟದವರಲ್ಲಿ ಒಬ್ಬರೋ ಇಬ್ಬರೋ ಆಗಿ, ಐವರು ಆಗಬೇಡಿ. ಆಗುವವರು ಮೊದಲು ಸ್ವಂತಕ್ಕೊಂದು ಟರ್ಮ್ ಪಾಲಿಸಿ ತೆಗೆಸಿ. ತನ್ನ ಜೀವಕ್ಕೆ ಬೆಲೆ ಕಟ್ಟಿಸದವರ ಮಾತನ್ನು ಊರು ನಂಬುವುದಿಲ್ಲ. ಬಾಂಡು ಕೈಗೆ ಬಂದ ಮೇಲೆ 30 ದಿನದೊಳಗೆ ಬೇಡವೆನಿಸಿದರೆ ವಾಪಸ್ ಮಾಡಬಹುದು ಎಂಬುದನ್ನು ಗಿರಾಕಿಗೆ ನೀವೇ ಹೇಳಿ, ಬಾಂಡು ಕೊಡುವ ಹೊತ್ತಿಗೇ ಹೇಳಿ.

ಈಗ ಮಾಡಬೇಕಾದದ್ದು ಇಷ್ಟೇ. ಡಿಓ ಸಾಹೇಬರ ನೂರರ ಹಾಳೆಗೆ ಮುಂಚೆ ನನ್ನದೊಂದು ಸಣ್ಣ ಹಾಳೆ ತುಂಬಿಸಿ. ಇಪ್ಪತ್ನಾಲ್ಕು ಹೆಸರು ಬರೆಯಿರಿ. ಅದರಲ್ಲಿ ರಕ್ತಸಂಬಂಧದವರನ್ನು ಹೊಡೆದುಹಾಕಿ. ನಿಮಗೆ ಇಲ್ಲ ಎನ್ನಲಾಗದ ಹಂಗಿನವರನ್ನೂ ಹೊಡೆದುಹಾಕಿ. ಮುಂದಿನ ವರ್ಷ ಮಳೆ ಕೈಕೊಟ್ಟರೆ ಹಪ್ತಾ ತುಂಬಲಾಗದವರನ್ನು ಹೊಡೆದುಹಾಕಿ. ಉಳಿದ ಹೆಸರುಗಳನ್ನು ಹಿಡಿದುಕೊಂಡು ಯಾವ ರವಿವಾರವಾದರೂ ಮುಂಜಾನೆ ಹತ್ತರೊಳಗೆ ಬನ್ನಿ, ಮನೆಯಲ್ಲೇ ಇರುತ್ತೇನೆ. ಎಂಟು ಹೆಸರು ಉಳಿದಿದ್ದರೂ ಸಾಕು, ನಾನೇ ಜೊತೆಗೆ ಬಂದು ಶಾಖೆ ತೋರಿಸುತ್ತೇನೆ.

ನಿಮ್ಮೂರ ಹಳೆಯ ವಿಮಾ ಏಜೆಂಟ